ಪಾಪುವಿನ ಗಂಟಲು

ನಾನು ಹಾಡದ ಹಾಡೊಂದು ನನ್ನದೇ ದನಿಯಲ್ಲಿ ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ಕೋಪ. ಭಯ ಆಮೇಲೆ ಬಂತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸಿನಿಮಾ ನಾಯಕಿಯರಿಗೆ ಡಬ್ಬಿಂಗ್ ಮಾಡುವವಳು. ಪರದೆಯ ಮೇಲೆ ಬಾಯಿ ಅವರದು, ಮಾತು ನನ್ನದು. ಅವರು ಮೆಟ್ಟಿಲು ಹತ್ತಿ ಓಡಿದರೆ ಮೈಕಿನ ಮುಂದೆ ನಿಂತಲ್ಲೇ ಏದುಸಿರು ಬಿಡುವವಳು ನಾನು. ಅವರು ಅತ್ತರೆ ಗಂಟಲು ಕಟ್ಟುವುದು ನನಗೆ. ಹೆಸರು ಮಾತ್ರ ಸಿನಿಮಾ ಮುಗಿದು ಜನ ಕತ್ತಲಲ್ಲಿ ಚಪ್ಪಲಿ ತಡಕಾಡುವ ಹೊತ್ತಿಗೆ, ಊಟ ಸರಬರಾಜು ಮಾಡಿದವರ ಹೆಸರಿನ ಕೆಳಗೆ, ಇರುವೆ ಗಾತ್ರದಲ್ಲಿ ಬರುತ್ತದೆ. ಅದೂ ಬಂದರೆ.

ಪಾಪು ನನ್ನ ಅಕ್ಕನ ಮಗಳು. ಪೋಸ್ಟರುಗಳಲ್ಲಿ ಅವಳಿಗೆ ಬೇರೆ ಹೆಸರಿದೆ, ಮನೆಯಲ್ಲಿ ಅವಳು ಇವತ್ತಿಗೂ ಪಾಪುವೇ. ನೋಡಿದರೆ ದೃಷ್ಟಿ ತಾಗುವಂಥ ಮುಖ. ಬಾಯಿ ತೆರೆದರೆ ಮಾತ್ರ ಲಾರಿಯಿಂದ ಜಲ್ಲಿ ಸುರಿದ ಹಾಗೆ. ಅದು ನಮ್ಮ ಭಾವನ ದನಿ, ಒಂದಿಷ್ಟೂ ಸೋರದೆ ಮಗಳಿಗೆ ಇಳಿದು ಬಂದಿದೆ. ಮೊದಲ ಸಿನಿಮಾದಲ್ಲಿ ನಿರ್ದೇಶಕ ಅವಳೆದುರಿಗೇ, “ಈ ದನಿ ಇಟ್ಕೊಂಡು ಪ್ರೇಮದ ಮಾತು ಆಡಿಸಿದ್ರೆ ಜನ ನಗ್ತಾರೆ” ಎಂದುಬಿಟ್ಟ. ಆಗ ಅವಳಿನ್ನೂ ಕಾಲೇಜು ಮುಟ್ಟಿರಲಿಲ್ಲ. ಅವತ್ತಿನಿಂದ ಪಾಪುವಿನ ಗಂಟಲು ನಾನು. ನೆಂಟರು ನನಗೇ ಫೋನ್ ಮಾಡಿ, “ಪಾಪು ಎಷ್ಟು ಮುದ್ದಾಗಿ ಮಾತಾಡಿದ್ದಾಳೆ, ನೀನೂ ಸ್ವಲ್ಪ ಕಲ್ತ್ಕೋ” ಎನ್ನುತ್ತಾರೆ. ಹೊಟ್ಟೆ ಉರಿಯುವುದಿಲ್ಲ ಎಂದರೆ ನೀವು ನಂಬಬೇಡಿ.

ಹಾಗಿರುವಾಗ ಪಾಪು ಹಾಡಿನ ಆಲ್ಬಂ ಮಾಡುತ್ತಾಳೆ ಎಂಬ ಸುದ್ದಿ ಬಂತು. ಅದೂ ಹೊರದೇಶದಲ್ಲಿ ಬಿಡುಗಡೆ. ಅವಳ ಸಿನಿಮಾಗಳು ಅಲ್ಲಿ ನೆಲೆಸಿದ ನಮ್ಮ ಜನರ ನಡುವೆ ಇಲ್ಲಿಗಿಂತ ಚೆನ್ನಾಗಿ ಓಡಿದ್ದವು, ಅಲ್ಲಿಯ ಸಂಗೀತ ಕಂಪನಿಯೊಂದು ತಾನಾಗಿ ಮುಂದೆ ಬಂದಿತ್ತು. ಷರತ್ತು ಒಂದೇ, ಎಲ್ಲ ಹಾಡನ್ನೂ ಅವಳೇ ಹಾಡಬೇಕು. ‘ಅವಳದೇ ದನಿಯಲ್ಲಿ’ ಎಂದು ದೊಡ್ಡ ಅಕ್ಷರಗಳಲ್ಲಿ ಜಾಹೀರಾತು ಕೂಡ ಹಾಕಿದ್ದರು. ಅದನ್ನು ನೋಡಿ ನಾನು ಒಬ್ಬಳೇ ನಕ್ಕಿದ್ದೆ. ಅಷ್ಟು ತಿಂಗಳಲ್ಲಿ ಅವರು ನನಗೆ ಒಂದು ಹಾಡನ್ನೂ ಕೇಳಿಸಲಿಲ್ಲ. ಕೇಳಿದಾಗಲೆಲ್ಲ ಅಕ್ಕ, “ಸರ್ಪ್ರೈಸ್ ಕಣೇ” ಎಂದು ಜಾರಿಕೊಳ್ಳುತ್ತಿದ್ದಳು.

ಬಿಡುಗಡೆಯ ಹಿಂದಿನ ದಿನ ಬೆಳಿಗ್ಗೆ ನಾನು ಪಾಪುವಿನ ಹೊಸ ಸಿನಿಮಾಕ್ಕೆ ಡಬ್ ಮಾಡುತ್ತಿದ್ದೆ. ಆ ಸ್ಟುಡಿಯೋದಲ್ಲಿ ಎರಡು ಕೋಣೆ. ಮಧ್ಯೆ ದಪ್ಪ ಗಾಜು. ಒಳಗೆ ಮೈಕು, ಹಾಳೆ ಇಡುವ ಸ್ಟ್ಯಾಂಡು, ಪಟ್ಟಿ ಸುತ್ತಿದ ಹಳೆಯ ಹೆಡ್‌ಫೋನು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಸದ್ದಾಗುತ್ತದೆ ಎಂದು ಏಸಿ ಆರಿಸುವುದರಿಂದ ಒಳಗೆ ನಿಂತವರು ಬೆಂದ ಆಲೂಗಡ್ಡೆ. ಗಾಜಿನ ಈಚೆ ತಣ್ಣಗೆ ಕೂತು ಧ್ವನಿ ಹಿಡಿಯುವ ಸೌಂಡಿನವನು, ಅವನ ಹಿಂದೆ ಸೋಫಾದಲ್ಲಿ ಕಾಲು ಚಾಚಿದ ನಿರ್ದೇಶಕ. ನಾನು ಹೊರಗೆ ಬಂದು ನೀರು ಕುಡಿಯುತ್ತಿದ್ದಾಗ ಬಾಗಿಲು ತೆರೆದುಕೊಂಡಿತು. ಅಕ್ಕ ಬಂದಳು. ಹಿಂದೆ ಪಾಪು, ಮುಖದಲ್ಲಿ ರಕ್ತವೇ ಇಲ್ಲ. ಅವರ ಹಿಂದೆ ಚಕ್ರದ ಸೂಟ್‌ಕೇಸು ಎಳೆದುಕೊಂಡು ಒಬ್ಬ ಅಪರಿಚಿತೆ. ವಿಮಾನ ಇಳಿದು ನೇರ ಬಂದಿದ್ದಳು. ಹೊರದೇಶದಲ್ಲೇ ಹುಟ್ಟಿ ಬೆಳೆದಿದ್ದರೂ ನಮ್ಮ ಮಾತು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

“ಕಂಪನಿಯವರು,” ಎಂದಳು ಅಕ್ಕ. ಅಕ್ಕ ಇಷ್ಟು ಕಡಿಮೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಕಂಪನಿಯಾಕೆ ಕೂರಲೂ ಇಲ್ಲ. ತನ್ನ ಟ್ಯಾಬಿನಲ್ಲಿ ಒಂದು ಸಿನಿಮಾದ ತುಣುಕು ಹಾಕಿದಳು. ಪೊಲೀಸ್ ಅಧಿಕಾರಿಣಿಯೊಬ್ಬಳು ಮೇಜು ಕುಟ್ಟಿ ಗದರುವ ದೃಶ್ಯ. ನಟಿ ಬೇರೆ ಯಾರೋ, ದನಿ ನನ್ನದು. ಅದನ್ನು ನಿಲ್ಲಿಸಿ ಆಲ್ಬಮ್ಮಿನ ಮೊದಲ ಹಾಡು ಹಾಕಿದಳು. ನಾನು ಹಾಡದ ಹಾಡು ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ. ಅರ್ಧ ಮಾತು, ಅರ್ಧ ರಾಗ, ಈಗಿನವರ ಥರ. ಸಾಲಿನ ಕೊನೆಯನ್ನು ಮೆಲ್ಲಗೆ ಬಿಡುವ ರೀತಿ, ನಗುವನ್ನು ಮೂಗಿನ ಹತ್ತಿರ ಹಿಡಿದಿಡುವ ರೀತಿ, ಎಲ್ಲ ನನ್ನದು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

“ನಮ್ಮ ಆಫೀಸಿನಲ್ಲಿ ಒಬ್ಬರು ಆ ಪೊಲೀಸ್ ಸಿನಿಮಾ ನೋಡಿ ಇದನ್ನ ಹಿಡಿದ್ರು,” ಎಂದಳು ಕಂಪನಿಯಾಕೆ. “ಎರಡೂ ಒಂದೇ ದನಿ. ವಿಚಾರಿಸಿದ್ರೆ ಅದು ನಿಮ್ಮದು ಅಂತ ಗೊತ್ತಾಯ್ತು. ಹಾಗಾದ್ರೆ ಆಲ್ಬಂ ಹಾಡಿದ್ದು ನೀವಾ? ಅಥವಾ ನಿಮ್ಮ ದನಿನ ಕಂಪ್ಯೂಟರಿಗೆ ತಿನ್ನಿಸಿ ಹಾಡು ತೆಗ್ಸಿದ್ದಾರಾ? ಇವತ್ತು ನನಗೆ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ನಾಳೆ ಬಿಡುಗಡೆ ಇಲ್ಲ. ಯಾಕಿಲ್ಲ ಅಂತಲೂ ನಾವು ಹೇಳ್ಲೇಬೇಕಾಗುತ್ತೆ.”

ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು. ಮೋಸಗಾತಿ ಎಂಬ ಮಾತು ಒಂದು ಸಲ ಹೊರಬಿದ್ದರೆ ಆಲ್ಬಂ ಒಂದೇ ಅಲ್ಲ, ಪಾಪುವಿನ ಸಿನಿಮಾಗಳೂ ಅದರ ಹಿಂದೆ ಹೋಗುತ್ತವೆ.

ನಾನು ಅಕ್ಕನತ್ತ ತಿರುಗಿದೆ. “ಏನು ಮಾಡಿದ್ರಿ ನೀವು? ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ರೋಗ?”

“ನಾವೇನೂ ಮಾಡಿಲ್ಲ ಕಣೇ. ಅವಳೇ ಹಾಡಿದ್ದು. ಬಟ್ಟೆ ಬೀರು ಇರೋ ಕೋಣೆಯಲ್ಲಿ ಹಾಸಿಗೆಗಳನ್ನ ಗೋಡೆಗೆ ಒರಗಿಸ್ಕೊಂಡು, ಬಾಗಿಲು ಹಾಕ್ಕೊಂಡು ಒಬ್ಬಳೇ ಹಾಡಿ ಕಳಿಸಿದ್ದಾಳೆ. ನನ್ನನ್ನೂ ಒಳಗೆ ಬಿಡ್ತಿರ್ಲಿಲ್ಲ.”

“ಅಂದ್ರೆ ಹಾಡಿದ್ದನ್ನ ನೋಡಿದವರು ಯಾರೂ ಇಲ್ಲ,” ಎಂದಳು ಕಂಪನಿಯಾಕೆ.

 ಪಾಪು ನೆಲ ನೋಡುತ್ತ ನಿಂತಿದ್ದಳು.  ಕಂಪ್ಯೂಟರಿಗೆ ನಾಲ್ಕು ಸಿನಿಮಾದ ಮಾತು ಕೊಟ್ಟರೆ ಯಾರ ದನಿಯಲ್ಲಿ ಬೇಕಾದರೂ ಹಾಡಿಸುತ್ತದೆ ಎಂದು ನಮ್ಮ ಕಸುಬಿನವರೆಲ್ಲ ಹೆದರಿ ಕೂತಿದ್ದೇವೆ. ಆ ಕತ್ತಿ ಮೊದಲು ನನ್ನ ಮನೆಯವರಿಂದಲೇ ಬಿತ್ತೇ ಎಂದು ಹಲ್ಲು ಕಚ್ಚಿದೆ. “ಇದನ್ನ ದೊಡ್ಡ ಸ್ಪೀಕರಿಗೆ ಜೋಡಿಸಿ ಇನ್ನೊಂದ್ಸಲ ಹಾಕು,” ಎಂದೆ ಸೌಂಡಿನವನಿಗೆ. “ಜೋರಾಗಿ ಹಾಕು.”

ಎರಡನೆಯ ಸಲ ಕೇಳಿದಾಗ ಹಾಡು ಬಿಟ್ಟು ಉಸಿರು ಕೇಳಿದೆ. ಅದು ನಮ್ಮ ಕಸುಬಿನವರ ಚಾಳಿ. ಪ್ರತಿ ಸಾಲಿನ ಮುಂಚೆ ಚಿಕ್ಕದೊಂದು ಉಸಿರು, ಹೆದರಿದವರು ಬಾಗಿಲು ತಟ್ಟುವ ಮುನ್ನ ಎಳೆದುಕೊಳ್ಳುವಂಥದ್ದು. ಆ ಉಸಿರು ಪೊಲೀಸ್ ಅಧಿಕಾರಿಣಿಯ ಮಾತಿನಲ್ಲಿ ಇಲ್ಲ. ನಾನು ದನಿ ಕೊಟ್ಟ ಬೇರೆ ಯಾವ ನಾಯಕಿಯಲ್ಲೂ ಇಲ್ಲ. ಪಾಪುವಿನ ಸಿನಿಮಾಗಳಲ್ಲಿ ಮಾತ್ರ ಇದೆ. ಯಾಕೆಂದರೆ ಪಾಪುವಿಗೆ ಮಾತಿನ ಮುಂಚೆ ತುಟಿ ಕೊಂಚ ಬಿಡಿಸುವ ಅಭ್ಯಾಸ. ಪರದೆಯ ಮೇಲೆ ತುಟಿ ತೆರೆದು ಸದ್ದಿಲ್ಲದಿದ್ದರೆ ಮಾತು ತಡವಾದಂತೆ ಕಾಣುತ್ತದೆ ಎಂದು ಆ ಜಾಗಕ್ಕೆ ನಾನೊಂದು ಉಸಿರು ತುಂಬುತ್ತಿದ್ದೆ. ಅದನ್ನು ನಾನು ತೆಗೆದುಕೊಂಡದ್ದು ಅವಳ ಬಾಯಿಯಿಂದ. ಈಗ ಅದು ನನ್ನಿಂದ ಅವಳಿಗೆ ವಾಪಸ್ಸು ಹೋಗಿ ಕೂತಿತ್ತು.

ಇದನ್ನು ಹೇಳಿದರೆ ಕಂಪನಿಯಾಕೆ ತಲೆಯಾಡಿಸಿದಳು, ಒಪ್ಪಲಿಲ್ಲ. “ಕಂಪ್ಯೂಟರೂ ಅದೇ ಸಿನಿಮಾಗಳಿಂದ ಕಲಿತಿರ್ಬಹುದಲ್ವಾ? ಉಸಿರು ಸಮೇತ. ಅದಕ್ಕೇ ನಾನು ಇಷ್ಟು ದೂರ ಬಂದಿದ್ದು. ಒಳಗೆ ಹೋಗಿ ಹಾಡ್ಲಿ. ನನ್ನ ಕಣ್ಣೆದುರಿಗೆ.”

ಕಂಪನಿಯಾಕೆ ದನಿಯಿಲ್ಲದ ಬರೀ ಸಂಗೀತವನ್ನು ಸೌಂಡಿನವನಿಗೆ ಕೊಟ್ಟಳು, ಪಾಪು ಒಳಗೆ ಹೋದಳು. ಹೆಡ್‌ಫೋನ್ ಹಾಕಿಕೊಳ್ಳುವಾಗ ಕೂದಲು ಸಿಕ್ಕಿಕೊಂಡಿತು, ಬಿಡಿಸಿಕೊಳ್ಳದೆ ಹಾಗೇ ನಿಂತಳು. ಸಂಗೀತ ಶುರುವಾಯಿತು. ಮೊದಲ ಸಾಲಿನ ಜಾಗ ಬಂತು, ಹೋಯಿತು. ಸೌಂಡಿನವನು ಮತ್ತೆ ಮೊದಲಿನಿಂದ ಹಾಕಿದ. ಈ ಸಲ ಅವಳು ಹಾಡಿದಳು. ಸ್ಪೀಕರಿನಿಂದ ಬಂದದ್ದು ಭಾವನ ದನಿ. ಒಣಗಿ, ಒರಟಾಗಿ, ಅರ್ಧದಲ್ಲೇ ಮುರಿದುಬಿತ್ತು. ಮತ್ತೊಂದು ಸಲ. ಮತ್ತೂ ಅದೇ. ನಾಲ್ಕು ಮಾತು ಹಾಡಿ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತುಬಿಟ್ಟಳು.

“ನೆಗಡಿ ಆಗಿದೆ ಅವಳಿಗೆ,” ಎಂದಳು ಅಕ್ಕ. ಅಕ್ಕನಿಗೆ ಸುಳ್ಳು ಹೇಳಲೂ ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ.

ಕಂಪನಿಯಾಕೆ ಅವಳಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು. “ನೀವು ಹೋಗಿ. ಅದೇ ಹಾಡು, ಎರಡೇ ಸಾಲು ಸಾಕು.”

ನಾನು ಹಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಎರಡು ಸಲ ಕೇಳಿದ ಸಾಲು ನನಗೆ ಬಾಯಿಪಾಠ, ಕಸುಬೇ ಅದು. ಬಾಯಿ ತೆರೆದರೆ ಆಲ್ಬಂ ನನ್ನದಾಗುತ್ತಿತ್ತು. ನಿರ್ದೇಶಕ ಸೋಫಾದಿಂದ ಮುಂದಕ್ಕೆ ಬಾಗಿ ನನಗಷ್ಟೇ ಕೇಳುವಂತೆ, “ಹೋಗಿ ಹಾಡ್ಬಿಡಿ ಮೇಡಂ. ಇಷ್ಟು ವರ್ಷ ದುಡಿದದ್ದಕ್ಕೆ ಇದೊಂದಾದ್ರೂ ನಿಮ್ಮ ಹೆಸರಿಗೆ ಬರ್ಲಿ,” ಎಂದ. ಅವನ ಮಾತು ನನ್ನ ಮನಸ್ಸಿಗೆ ಹಿಡಿಸಲಿಲ್ಲ ಎಂದರೆ ಮತ್ತೊಂದು ಸುಳ್ಳು. ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಒಳಗಿನ ಕೋಣೆಯ ಬಾಗಿಲು ತಳ್ಳುವಾಗಲೂ ಏನು ಮಾಡುತ್ತೇನೆಂದು ನನಗೇ ತಿಳಿದಿರಲಿಲ್ಲ. ಒಳಗಿನಿಂದಲೇ ಸೌಂಡಿನವನಿಗೆ ಮೈಕು ಆರಿಸುವಂತೆ ಸನ್ನೆ ಮಾಡಿದೆ.

ಪಾಪು ಮೂಲೆಗೆ ಸರಿದು ಜಾಗ ಬಿಟ್ಟಳು. ಗದರಬೇಕೆಂದೇ ಹೋಗಿದ್ದೆ, ಗದರಿದೆ. “ನನ್ನ ದನಿ ಯಾಕೆ ತಗೊಂಡೆ? ನಿನಗೆ ಅಂತ ಒಂದು ಇಲ್ವಾ?”

“ಇದೆ. ಕೇಳಿದ್ಯಲ್ಲ ಈಗ.”

“ಅದರಲ್ಲೇ ಹಾಡ್ಬೇಕಿತ್ತು.”

“ಮೊದಲು ಅದರಲ್ಲೇ ಹಾಡಿದೆ ಚಿಕ್ಕಮ್ಮ. ವಾಪಸ್ ಕೇಳಿದ್ರೆ ಯಾರೋ ಬಂದು ನನ್ನ ಹಾಡು ಹಾಳು ಮಾಡಿದ ಹಾಗಿತ್ತು. ಜನಕ್ಕೆ ಗೊತ್ತಿರೋ ‘ನಾನು’ ಅಂದ್ರೆ ನೀನೇ ತಾನೆ. ಅವರಿಗೆ ಬೇಕಾಗಿರೋದೂ ಅದೇ ಅಂದ್ಕೊಂಡೆ.” ಅವಳು ಗೋಡೆಯ ಸ್ಪಂಜನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಮೊದಲ ಸಿನಿಮಾಗೆ ನೀನು ಡಬ್ ಮಾಡೋವಾಗ ನನ್ನನ್ನ ಈ ಗಾಜಿನ ಆಚೆ ಕೂರಿಸಿದ್ರಲ್ಲ, ಆಗ ನಾನು ಪರದೆ ನೋಡ್ತಿರ್ಲಿಲ್ಲ. ನಿನ್ನ ಬಾಯಿ ನೋಡ್ತಿದ್ದೆ. ಎಲ್ಲ ಸಿನಿಮಾಕ್ಕೂ ಬಂದು ನೋಡ್ತಿದ್ದೆ, ನೆನಪಿದ್ಯಾ? ಮನೇಲಿ ಕಣ್ಣು ಮುಚ್ಚಿದ್ರೆ ಅದು ಕಾಣುತ್ತೆ. ಕಂಡ್ರೆ ದನಿ ಬರುತ್ತೆ. ಇವತ್ತು ಕಾಣ್ತಿಲ್ಲ. ನೀನು ಅಲ್ಲೇ ಕೂತು ನನ್ನ ಮೇಲೆ ಬೆಂಕಿ ಕಾರ್ತಿದ್ದೀಯ. ಆ ಬಾಯಿ ನೋಡಿದ್ರೆ ಗಂಟಲು ಒಣಗುತ್ತೆ.”

ಸಿನಿಮಾ ನೋಡಲು ಬರುತ್ತಾಳೆ, ತನ್ನ ಮುಖ ನೋಡಿ ಹಿಗ್ಗುತ್ತಾಳೆ ಎಂದೇ ನಾನು ಅಷ್ಟು ವರ್ಷವೂ ತಿಳಿದದ್ದು. ಕೋಪವನ್ನು ಹಿಡಿದು ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಆ ಹುಡುಗಿ ಹಾಸಿಗೆಗಳ ಮಧ್ಯೆ ಬೆವರುತ್ತ ಕಣ್ಣು ಮುಚ್ಚಿಕೊಂಡು ನನ್ನನ್ನು ಹುಡುಕುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ನಾನು ಎತ್ತಿ ಆಡಿಸಿದ ಮಗು ಅದು.

ಜೊತೆಗೆ ಇನ್ನೊಂದು ಲೆಕ್ಕವೂ ತಲೆಯಲ್ಲಿ ಓಡಿತು. ಅವಳು ಇವರೆಲ್ಲರ ಮುಂದೆ ನನ್ನ ದನಿ ತೆಗೆದರೆ, ಆಮೇಲೆ ಅವಳಿಗೆ ನಾನೇಕೆ ಬೇಕು? ಆಚೆ ಸೋಫಾದಲ್ಲಿ ಕೂತವನು ದಡ್ಡನಲ್ಲ. ಅವಳನ್ನು ಉಳಿಸಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಪಾಪು ಹೋಗುತ್ತಿದ್ದಳು.

“ಇಲ್ಲೇ ನಿಲ್ಲು,” ಎಂದೆ. “ನಾನು ಆಚೆ ಹೋಗ್ತೀನಿ. ಬೇರೆ ಯಾರ ಕಡೆಯೂ ನೋಡ್ಬೇಡ.”

ಹೊರಗೆ ಬಂದು ಕಂಪನಿಯಾಕೆಯನ್ನು ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿಕೊಂಡೆ. “ನಾನು ಬರೀ ತುಟಿ ಅಲ್ಲಾಡಿಸ್ತೀನಿ. ಒಂದು ಸಣ್ಣ ಸದ್ದು ಬಂದ್ರೂ ನಿಮಗೆ ಕೇಳುತ್ತೆ. ಮೈಕು ಇರೋದು ಒಳಗೆ ಒಂದೇ. ಬೇಕಾದ್ರೆ ಗಂಟಲ ಮೇಲೆ ಕೈ ಇಟ್ಟು ನೋಡಿ.” ಅವಳು ನಿಜವಾಗಿಯೂ ಎರಡು ಬೆರಳು ತಂದು ನನ್ನ ಗಂಟಲ ಮೇಲಿಟ್ಟಳು. ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟಿನವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ.

ಸಂಗೀತ ಶುರುವಾಯಿತು. ಗಾಜಿನ ಆಚೆ ಪಾಪು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅವಳ ರೀತಿಯಲ್ಲಿ ತುಟಿ ಕೊಂಚ ಬಿಡಿಸಿದೆ, ಉಸಿರೆಳೆದೆ, ಮೊದಲ ಸಾಲನ್ನು ಸದ್ದಿಲ್ಲದೆ ಹಾಡಿದೆ. ಸ್ಪೀಕರಿನಲ್ಲಿ ಏನೂ ಇಲ್ಲ. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಎರಡನೆಯ ಸಾಲು. ಏನೋ ಕೆರೆದ ಹಾಗೆ ಒಂದು ಸದ್ದು. ನಾನು ಮುಖದ ಸಿಟ್ಟನ್ನೆಲ್ಲ ಒರೆಸಿ ಹಾಕಿ, ಚಿಕ್ಕಂದಿನಲ್ಲಿ ಅವಳಿಗೆ ಅನ್ನ ತಿನ್ನಿಸುವಾಗ ನಾನೇ ಬಾಯಿ ತೆರೆದು ತೋರಿಸುತ್ತಿದ್ದೆನಲ್ಲ, ಹಾಗೆ ದೊಡ್ಡದಾಗಿ ತುಟಿ ಆಡಿಸಿದೆ. ಮೂರನೆಯ ಸಾಲಿಗೆ ದನಿ ಬಂತು. ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. ನಾಲ್ಕನೆಯ ಸಾಲಿಗೆ ಕಣ್ಣು ಮುಚ್ಚಿ ಕೇಳಿದ್ದರೆ ನಾನೇ ಒಳಗಿದ್ದೇನೆ ಎಂದು ನಾನೇ ಆಣೆ ಮಾಡುತ್ತಿದ್ದೆ. ಬದುಕೆಲ್ಲ ಬೇರೆಯವರ ತುಟಿಗೆ ಮಾತು ಕೂರಿಸಿದವಳು ನಾನು. ನನ್ನ ತುಟಿಗೆ ಇನ್ನೊಬ್ಬರು ಮಾತು ಕೂರಿಸಿದ್ದು ಅದೇ ಮೊದಲು. ಎಲ್ಲೂ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗಲಿಲ್ಲ.

ಹಾಡು ಮುಗಿದಾಗ ಕಂಪನಿಯಾಕೆ ಬೆರಳು ತೆಗೆದಳು. “ಅವಳೇ,” ಎಂದಳು. “ನನಗೆ ಇನ್ನೇನೂ ಬೇಡ. ನಾಳೆ ಬಿಡುಗಡೆ ಆಗುತ್ತೆ.”

ಅಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಅಳಲು ಶುರುಮಾಡಿದಳು. ನಿರ್ದೇಶಕ ಎದ್ದು ಬಂದು ಚಪ್ಪಾಳೆ ತಟ್ಟಿದ. “ಭೇಷ್. ಇಷ್ಟು ಚೆನ್ನಾಗಿ ಬರೋದಾದ್ರೆ ಈ ಸಿನಿಮಾಕ್ಕೂ ಅವಳೇ ಡಬ್ ಮಾಡ್ಲಿ. ಏನಂತೀರಿ ಮೇಡಂ? ಮನೆಯವಳೇ ಅಲ್ವಾ, ನಿಮಗೂ ಸಂತೋಷ ತಾನೆ.” ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸ ಇನ್ನೂ ಅವನ ಮುಂದಿನ ಪರದೆಯ ಮೇಲೆ ನಿಂತಿತ್ತು.  ಉತ್ತರ ಕೊಡಲು ಹೋಗಿದ್ದರೆ ನನ್ನ ಬಾಯಿಂದ ಒಳ್ಳೆಯ ಮಾತು ಬರುತ್ತಿರಲಿಲ್ಲ.

“ಇನ್ನೊಂದು ಚಿಕ್ಕ ಕೆಲಸ,” ಎಂದಳು ಕಂಪನಿಯಾಕೆ, ಒಳಗೆ ಕೇಳುವ ಹಾಗೆ ಗುಂಡಿ ಒತ್ತಿ. “ಬಂದದ್ದು ಬಂದಾಯ್ತು, ಅಲ್ಲಿಯ ಕೇಳುಗರಿಗೆ ಅಂತ ಎರಡು ಮಾತು ಹೇಳಿಬಿಡಿ. ನಾಳೆ ಹಾಡುಗಳ ಜೊತೆಗೆ ಬಿಡೋಣ.”

ಸೌಂಡಿನವನು ಕೈಯೆತ್ತಿ ಸನ್ನೆ ಮಾಡಿದ. ಪಾಪು ಮೈಕಿನ ಹತ್ತಿರ ಬಂದಳು. ಮಾತಾಡಲಿಲ್ಲ. ಗಾಜಿನ ಮೂಲಕ ನನ್ನ ಬಾಯಿ ನೋಡಿದಳು. ಕಾಯುತ್ತ ನಿಂತಳು.

ನಾನು ತುಟಿ ಆಡಿಸಿದ್ದರೆ ಸಾಕಿತ್ತು. ಏನು ಹೇಳಬೇಕೆಂದು ಹೊಳೆಯಿತು ಕೂಡ, ಮುದ್ದು ಮುದ್ದಾಗಿ, ಮೂಗಿನ ಹತ್ತಿರ ನಗು ಇಟ್ಟುಕೊಂಡು. ಅವಳು ಹಾಗೇ ಹೇಳುತ್ತಿದ್ದಳು. ನಾಳೆಯೂ, ನಾಡಿದ್ದೂ, ನಾನು ಸತ್ತ ಮೇಲೂ ಹಾಗೇ ಹೇಳುತ್ತ ಇರುತ್ತಿದ್ದಳು. ನನ್ನೊಳಗೆ ಏನೋ ಕಿತ್ತುಬಂತು. ದೊಡ್ಡ ಗುಣದಿಂದ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಅದು ನನ್ನದು, ಕೊಡುವುದಿಲ್ಲ ಎಂಬ ಹಟವೂ ಇತ್ತು. ಅವಳಿಗೆ ಅವಳದು ಸಿಗಲಿ ಎಂಬ ಆಸೆಯೂ ಇತ್ತು. ಯಾವುದು ಎಷ್ಟು ಎಂದು ನಾನು ತೂಗಿ ನೋಡಿಲ್ಲ. ಗಾಜಿಗೆ ಬೆನ್ನು ಹಾಕಿ ನಿಂತೆ.

ಸ್ಪೀಕರಿನಲ್ಲಿ ಮೌನ. ನನ್ನೆದುರು ಬರೀ ಗೋಡೆ, ಅದರ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅಕ್ಕ ಅಳು ನಿಲ್ಲಿಸಿ, “ಏನು ಮಾಡ್ತಿದ್ದೀಯ ನೀನು, ಅವಳು ಕಾಯ್ತಿದ್ದಾಳೆ,” ಎಂದು ಪಿಸುಗುಟ್ಟಿದಳು. ನಾನು ಅಲ್ಲಾಡಲಿಲ್ಲ.  ಕಂಪನಿಯಾಕೆಯ ಬೂಟು ನೆಲದ ಮೇಲೆ ಒಂದು ಸಲ ಸರಿಯಿತು. ಈಗ ಪಾಪು ಅಳುತ್ತಾ ಹೊರಗೆ ಓಡಿಬಂದರೆ ಎಲ್ಲ ಮುಗಿಯಿತು, ಅದಕ್ಕೆ ನಾನೇ ಕಾರಣ ಎಂದು ನನಗೆ ಗೊತ್ತಿತ್ತು.

ಆಮೇಲೆ ಒಂದು ಕೆಮ್ಮು ಕೇಳಿತು.

“ಹಲೋ.” ಜಲ್ಲಿಯಂಥದೇ ದನಿ. “ನಾನು ಮಾತಾಡೋದು ಹೀಗೆ. ಸಿನಿಮಾದಲ್ಲಿ ನೀವು ಕೇಳಿರೋದು ನನ್ನ ಚಿಕ್ಕಮ್ಮನ ದನಿ. ಈ ಹಾಡುಗಳನ್ನ ನಾನೇ ಹಾಡಿದ್ದೀನಿ, ಆದ್ರೆ ಅವಳ ಹಾಗೆ ಹಾಡಿದ್ದೀನಿ. ನನ್ನ ಹಾಗೆ ಹಾಡೋಕೆ ಧೈರ್ಯ ಸಾಲ್ಲಿಲ್ಲ. ನಿಮಗೆ ಇಷ್ಟ ಆದ್ರೆ, ಅದರಲ್ಲಿ ಅರ್ಧ ಅವಳಿಗೆ ಸೇರ್ಬೇಕು.” ಮುಂದಿನ ಮಾತು ಕಂಪನಿಯಾಕೆಗೆ. “ಇದನ್ನ ಮೊದಲ ಹಾಡಿಗಿಂತ ಮುಂಚೆ ಹಾಕಿ. ಆಗಲ್ಲ ಅಂದ್ರೆ ಆಲ್ಬಂ ಬೇಡ.”

 ನಿರ್ದೇಶಕ ನಗಲಿಲ್ಲ, ಅದನ್ನು ನಾನು ಕಿವಿಗೊಟ್ಟು ಕೇಳಿದೆ. ಕಂಪನಿಯಾಕೆ ಫೋನಿನಲ್ಲಿ ಅಲ್ಲಿಯವರೊಂದಿಗೆ ತಗ್ಗಿದ ದನಿಯಲ್ಲಿ ಏನೇನೋ ವಾದಿಸಿದಳು. ಒಂದು ಸಲ ಸಿಟ್ಟು ಮಾಡಿಕೊಂಡಳು. ಕೊನೆಗೆ, “ಹೌದು, ಎಲ್ಲಕ್ಕಿಂತ ಮೊದಲು. ಈಗಲೇ ಕಳಿಸ್ತೀನಿ,” ಎಂದು ಫೋನ್ ಇಟ್ಟಳು.

ಅಕ್ಕ ಬಂದು ನನ್ನ ಮೊಣಕೈ ಹಿಡಿದು ಎಳೆದಳು. “ತಿರುಗೇ. ಒಳಗಿಂದ ನಿನ್ನನ್ನೇ ನೋಡ್ತಿದ್ದಾಳೆ.”

“ಅದಕ್ಕೇ ತಿರುಗ್ತಿಲ್ಲ ಅಕ್ಕ,” ಎಂದೆ. “ಅವಳಿಗೆ ಇನ್ನೂ ಏನಾದ್ರೂ ಹೇಳೋದಿದ್ಯೇನೋ. ಮುಗಿಸ್ಲಿ.”